ಆರು ವರ್ಷದ ಮಗನೂ ಅವನ ಅಜ್ಜನೂ ಒಟ್ಟಿಗೆ ನೋಡಬಹುದಾದ ಕಲ್ಪನಾಚಿತ್ರಗಳು

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ಮಗಳಿಗೆ ಹತ್ತು. ರಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ನೋಡುವಂತಹ ಕಲ್ಪನಾಲೋಕದ ಚಿತ್ರಗಳನ್ನು ಹುಡುಕುತ್ತಿದ್ದೇನೆ. ಸಿಗುವವುಗಳಲ್ಲಿ ಹೆಚ್ಚಿನವು ಬರೀ ಗದ್ದಲ. ಮಗ ಬೇಗ ಹೆದರುತ್ತಾನೆ. ಮಾವನವರು, ‘ದೆವ್ವ, ಮಾಟ, ಮಾತನಾಡುವ ಪ್ರಾಣಿ ತೋರಿಸಿದರೆ ಮಕ್ಕಳು ಅದನ್ನೇ ನಂಬಿಕೊಳ್ಳುತ್ತಾರೆ, ನೀತಿ ಇರುವುದನ್ನು ಏನಾದರೂ ತೋರಿಸು’ ಎನ್ನುತ್ತಾರೆ. ಪಟ್ಟಿಗಳು ಬೇಕಾದಷ್ಟು ಇವೆ. ನಿಮ್ಮ ಸ್ವಂತ ಅಭಿಪ್ರಾಯ ಬೇಕು. — ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾವನವರ ಆಕ್ಷೇಪವನ್ನು ಮೊದಲು ನೋಡೋಣ. ರಿಮೋಟ್ ಅವರ ಕೈಯಲ್ಲಿದ್ದರೆ ಮುಂದಿನ ಮಾತೆಲ್ಲ ವ್ಯರ್ಥ.

ಮಾತನಾಡುವ ಪ್ರಾಣಿಗಳು ನಮಗೆ ಹೊಸಬರೇನಲ್ಲ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದು 11ನೇ ಶತಮಾನದಲ್ಲಿ. ಪುಣ್ಯಕೋಟಿಯ ಹಾಡಿನಲ್ಲಿ ಹುಲಿ ಹಸುವಿನೊಡನೆ ಮಾತಿಗಿಳಿಯುವುದಲ್ಲದೆ ಕೊನೆಗೆ ನಾಚಿ ಪ್ರಾಣವನ್ನೇ ಬಿಡುತ್ತದೆ. ಅದನ್ನು ಕೇಳಿ ಬೆಳೆದವರಲ್ಲಿ ಯಾರೂ ಕಾಡಿಗೆ ಹೋಗಿ ಹುಲಿಯ ಜೊತೆ ವಾಗ್ದಾನ ಮಾಡಿಕೊಂಡು ಬಂದದ್ದನ್ನು ನಾನು ಕೇಳಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ಮಹಿಷಾಸುರ ಪಂಜಿನ ಬೆಳಕಿನಲ್ಲಿ ಅಬ್ಬರಿಸುತ್ತ ಜನರ ನಡುವಿನಿಂದಲೇ ನುಗ್ಗಿ ಬರುವಾಗ ಮಕ್ಕಳು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿಕೊಳ್ಳುತ್ತಾರೆ, ಮರುದಿನ ಅಂಗಳದಲ್ಲಿ ತಾವೇ ಮಹಿಷಾಸುರರಾಗಿ ಕುಣಿಯುತ್ತಾರೆ. ಮೂರು ನಾಲ್ಕು ವರ್ಷದ ಹೊತ್ತಿಗೇ ಮಕ್ಕಳಿಗೆ ಆಟ ಯಾವುದು, ನಿಜ ಯಾವುದು ಎಂಬುದು ಬಹುಮಟ್ಟಿಗೆ ತಿಳಿದಿರುತ್ತದೆ. ಮರಳಿನಲ್ಲಿ ಇಡ್ಲಿ ಮಾಡಿ ನಿಮಗೆ ಬಡಿಸುವ ಮಗು ತಾನು ಅದನ್ನು ನುಂಗುವುದಿಲ್ಲ, ಗಮನಿಸಿ.

ಆದರೆ ನಂಬುವುದು ಬೇರೆ, ಹೆದರುವುದು ಬೇರೆ. ಇಲ್ಲಿ ನಿಮ್ಮ ಎರಡು ಮಕ್ಕಳಿಗೂ ಎರಡು ಲೆಕ್ಕ. ಆರರ ಆಸುಪಾಸಿನ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಕಣ್ಣಿಗೆ ಕಾಣುವುದಕ್ಕೆ ಹೆದರುತ್ತಾರೆ: ವಿಕಾರವಾದ ಮುಖ, ಹಠಾತ್ ಶಬ್ದ, ಎಲ್ಲಕ್ಕಿಂತ ಮಿಗಿಲಾಗಿ ಪರಿಚಿತ ಮುಖವೊಂದು ಕಣ್ಣೆದುರೇ ಬೇರೆ ಏನೋ ಆಗಿಬಿಡುವುದು. ಹತ್ತು ವರ್ಷದವರು ಆಗಬಹುದಾದದ್ದಕ್ಕೆ ಹೆದರುತ್ತಾರೆ: ಕಳ್ಳ, ಅಪಘಾತ, ಅಮ್ಮನ ಕಾಯಿಲೆ. ‘ಅದೆಲ್ಲ ಸುಳ್ಳು, ಹೆದರಬೇಡ’ ಎಂಬ ಮಾತು ಮಗಳಿಗೆ ನಾಟೀತು. ಮಗನಿಗೆ ಅದು ಸುಳ್ಳೆಂದು ಗೊತ್ತಿದ್ದೂ ಭಯ ಹೋಗುವುದಿಲ್ಲ. ಅವನಿಗೆ ಬೇಕಾದದ್ದು ಪಕ್ಕದಲ್ಲೊಂದು ಮಡಿಲು, ಕೋಣೆಯಲ್ಲೊಂದು ದೀಪ, ಬೇಡವೆನಿಸಿದಾಗ ಎದ್ದುಹೋಗುವ ಸ್ವಾತಂತ್ರ್ಯ.

ಇನ್ನು ನನ್ನ ಅಭಿಪ್ರಾಯ. ಕಲ್ಪನಾಚಿತ್ರವನ್ನು ನಾನು ತೂಗುವುದು ಒಂದೇ ಪ್ರಶ್ನೆಯಿಂದ: ಇದು ಮಗುವಿನ ತಲೆಗೆ ಎಷ್ಟು ಕೆಲಸ ಬಿಟ್ಟುಕೊಡುತ್ತದೆ? ಗ್ರಾಫಿಕ್ಸ್ ಎಷ್ಟು ಕೋಟಿಯದ್ದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಕ್ಷಣವೂ ಏನಾದರೊಂದು ಸಿಡಿಯುತ್ತ, ಪ್ರತಿ ಭಾವವನ್ನೂ ಪಾತ್ರ ಬಾಯಿಬಿಟ್ಟು ಹೇಳುತ್ತ, ಪ್ರತಿ ಮೌನಕ್ಕೂ ವಾದ್ಯಗೋಷ್ಠಿ ತುಂಬುತ್ತ ಹೋಗುವ ಚಿತ್ರದಲ್ಲಿ ಮಗುವಿಗೆ ಮಾಡಲು ಉಳಿಯುವುದು ಕಣ್ಣು ಬಿಟ್ಟುಕೊಂಡು ಕೂರುವುದಷ್ಟೇ. ನೀವು ಗದ್ದಲ ಎಂದದ್ದು ಬಹುಶಃ ಇದನ್ನೇ.

ಇದಕ್ಕೆ ತೀರ ಎದುರು ಬದಿಯಲ್ಲಿ ನಿಲ್ಲುವ ಚಿತ್ರ ಜಪಾನಿನ ಹಯಾವೊ ಮಿಯಾಝಾಕಿ 1988ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’. ಒಂದೇ ಒಂದನ್ನು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಖಳನಿಲ್ಲ, ಯುದ್ಧವಿಲ್ಲ, ಜಗತ್ತನ್ನು ಕಾಪಾಡಬೇಕಾದ ತುರ್ತಿಲ್ಲ. ಸತ್ಸುಕಿ, ಮೇ ಎಂಬ ಅಕ್ಕತಂಗಿಯರು ಅಪ್ಪನ ಜೊತೆ ಹಳ್ಳಿಯ ಹಳೆಯ ಮನೆಯೊಂದಕ್ಕೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಮನೆಯ ಪಕ್ಕದಲ್ಲೊಂದು ದೊಡ್ಡ ಕರ್ಪೂರದ ಮರ, ಅದರ ಬುಡದೊಳಗೆ ತುಪ್ಪಳದ ಒಂದು ದೈತ್ಯ ಜೀವಿ. ಕಥೆ ಎಂದರೆ ಹೆಚ್ಚುಕಡಿಮೆ ಇಷ್ಟೇ.

ಅದರಲ್ಲಿ ಬರುವ ಬಸ್ ನಿಲ್ದಾಣದ ದೃಶ್ಯವನ್ನು ತುಸು ನಿಂತು ನೋಡಿ. ಸಂಜೆ, ಮಳೆ. ಅಪ್ಪ ಛತ್ರಿ ಮರೆತು ಹೋಗಿದ್ದಾನೆ. ಛತ್ರಿ ಹಿಡಿದು ಮಕ್ಕಳು ಅವನ ಬಸ್ಸಿಗೆ ಕಾಯುತ್ತಿದ್ದಾರೆ. ಬಸ್ ಬಂತು, ಅಪ್ಪ ಇಳಿಯಲಿಲ್ಲ. ಕತ್ತಲಾಗುತ್ತದೆ. ಚಿಕ್ಕವಳು ನಿದ್ದೆಗೆ ಜಾರುತ್ತಾಳೆ, ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಂಡು, ಕುತ್ತಿಗೆಗೂ ಭುಜಕ್ಕೂ ನಡುವೆ ಛತ್ರಿ ಸಿಕ್ಕಿಸಿಕೊಂಡು ನಿಲ್ಲುತ್ತಾಳೆ. ಪಕ್ಕದಲ್ಲಿ ಯಾರದ್ದೋ ಹೆಜ್ಜೆ ಸಪ್ಪಳ. ಛತ್ರಿಯ ಅಂಚಿನ ಕೆಳಗೆ ಅವಳಿಗೆ ಕಾಣುವುದು ಉಗುರುಳ್ಳ ದೊಡ್ಡ ಪಾದ ಮಾತ್ರ. ನಿಧಾನವಾಗಿ ಛತ್ರಿ ಮೇಲೆತ್ತಿ ನೋಡಿದರೆ ಟೊಟೊರೊ, ತಲೆಯ ಮೇಲೊಂದು ಎಲೆ ಇಟ್ಟುಕೊಂಡು ಅವನೂ ಬಸ್ಸಿಗೇ ಕಾಯುತ್ತಿದ್ದಾನೆ. ಅವಳು ಕಿರುಚುವುದಿಲ್ಲ. ಅಪ್ಪನಿಗೆಂದು ತಂದ ಛತ್ರಿಯನ್ನು ಅವನಿಗೆ ಕೊಡುತ್ತಾಳೆ. ಛತ್ರಿ ಎಂದರೇನೆಂದು ಅವನಿಗೆ ಗೊತ್ತಿಲ್ಲ. ಆದರೆ ಮರದಿಂದ ಉದುರಿದ ಹನಿ ಅದರ ಮೇಲೆ ಬಿದ್ದು ‘ಟಪ್’ ಎಂದಾಗ ಕಣ್ಣರಳಿಸುತ್ತಾನೆ. ಇನ್ನಷ್ಟು ‘ಟಪ್’ ಬೇಕೆನಿಸಿ ಜೋರಾಗಿ ಒಂದು ಜಿಗಿತ ಜಿಗಿಯುತ್ತಾನೆ, ಮರಗಳ ಮೇಲಿನ ನೀರೆಲ್ಲ ಒಮ್ಮೆಗೇ ಸುರಿಯುತ್ತದೆ. ಆಮೇಲೆ ಬರುವುದು ಹನ್ನೆರಡು ಕಾಲಿನ, ಕಣ್ಣುಗಳೇ ದೀಪಗಳಾಗಿರುವ ಬೆಕ್ಕಿನ ಬಸ್. ಕಾಯಿಬೀಜ ಕಟ್ಟಿದ ಎಲೆಯ ಪೊಟ್ಟಣವೊಂದನ್ನು ಅವಳ ಕೈಗಿಟ್ಟು ಅವನು ಹೊರಟುಹೋಗುತ್ತಾನೆ, ಛತ್ರಿಯ ಸಮೇತ.

ಈ ಇಡೀ ಪ್ರಸಂಗದಲ್ಲಿ ಮಾತು ಬೆರಳೆಣಿಕೆಯಷ್ಟು. ಯಾರು ಇವನು, ಎಲ್ಲಿಂದ ಬಂದ, ಯಾಕೆ ಬಂದ ಎಂದು ಚಿತ್ರ ಕೊನೆಯವರೆಗೂ ವಿವರಿಸುವುದಿಲ್ಲ. ಮಕ್ಕಳ ಗುಂಪಿಗೆ ಇದನ್ನು ತೋರಿಸುವಾಗ, ಹಿಂದಿನ ಸಾಲಿನಲ್ಲಿ ಕುಳಿತ ದೊಡ್ಡವರು ‘ಏನೂ ನಡೆಯುತ್ತಿಲ್ಲವಲ್ಲ’ ಎಂದು ಮೊಬೈಲ್ ತೆಗೆಯುವುದೂ ಮುಂದಿನ ಸಾಲಿನ ಮಕ್ಕಳು ಉಸಿರು ಬಿಗಿಹಿಡಿಯುವುದೂ ಸಾಮಾನ್ಯವಾಗಿ ಈ ದೃಶ್ಯದಲ್ಲೇ.

ನಂಬಿಕೆಯ ಪ್ರಶ್ನೆಯನ್ನೂ ಈ ಚಿತ್ರ ಬಹಳ ಜಾಣತನದಿಂದ ನಿಭಾಯಿಸುತ್ತದೆ. ಮಕ್ಕಳು ಆ ಬೀಜಗಳನ್ನು ಬಿತ್ತುತ್ತಾರೆ. ಒಂದು ರಾತ್ರಿ ಟೊಟೊರೊನ ಜೊತೆ ಕುಣಿದು ಅವನ್ನು ಆಕಾಶದೆತ್ತರದ ಮರವಾಗಿ ಬೆಳೆಸುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಮರವಿಲ್ಲ, ಆದರೆ ಮಣ್ಣಿನಲ್ಲಿ ಪುಟ್ಟ ಮೊಳಕೆಗಳಿವೆ. ಕನಸೋ ನಿಜವೋ ಎಂಬ ತೀರ್ಪನ್ನು ಮಕ್ಕಳೇ ಕೊಟ್ಟುಕೊಳ್ಳಲಿ ಎಂದು ನಿರ್ದೇಶಕ ಸುಮ್ಮನಾಗುತ್ತಾರೆ. ಅಪ್ಪನ ನಡವಳಿಕೆಯನ್ನಂತೂ ನಾವೆಲ್ಲ ಕಲಿಯಬೇಕು. ಮೇ ಬಂದು ಟೊಟೊರೊನನ್ನು ನೋಡಿದೆ ಎಂದಾಗ ಅವನು ನಗುವುದಿಲ್ಲ, ಗದರುವುದಿಲ್ಲ. ಕಾಡಿನ ಒಡೆಯನನ್ನೇ ಕಂಡಿರಬೇಕು ಎಂದು ಹೇಳಿ ಮಕ್ಕಳನ್ನು ಕರೆದುಕೊಂಡು ಹೋಗಿ ಮರಕ್ಕೆ ನಮಸ್ಕರಿಸುತ್ತಾನೆ. ಅರಳಿಕಟ್ಟೆಗೆ ಸುತ್ತು ಬರುವ ನಮ್ಮ ಹಿರಿಯರಿಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣದು.

ಒಂದು ಎಚ್ಚರಿಕೆ. ಕೊನೆಯ ಭಾಗದಲ್ಲಿ ಚಿಕ್ಕವಳು ಕಾಣೆಯಾಗುತ್ತಾಳೆ. ಕೆರೆಯಲ್ಲಿ ಪುಟ್ಟ ಚಪ್ಪಲಿಯೊಂದು ಸಿಕ್ಕಿ ಊರವರು ಹುಡುಕಾಡುತ್ತಾರೆ. ಚಪ್ಪಲಿ ಅವಳದ್ದಲ್ಲ, ಅವಳಿಗೇನೂ ಆಗುವುದಿಲ್ಲ. ಇದನ್ನು ಮಗನಿಗೆ ಮೊದಲೇ ಹೇಳಿಟ್ಟರೆ ನಷ್ಟವಿಲ್ಲ. ಮಗಳನ್ನು ಕಾಡುವುದು ಅಮ್ಮನ ಕಾಯಿಲೆಯ ಎಳೆ ಇರಬಹುದು. ಮಿಯಾಝಾಕಿಯವರ ತಾಯಿಯೇ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು. ಆ ಎಳೆ ಅಷ್ಟು ನಿಜವೆನಿಸುವುದಕ್ಕೆ ಅದೂ ಕಾರಣವಿದ್ದೀತು. ಇನ್ನೊಂದು ವಿಚಾರ: ಟೊಟೊರೊವನ್ನು ತಯಾರಿಸಿದ ಘಿಬ್ಲಿ ಸ್ಟುಡಿಯೋದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅದೇ ವರ್ಷ, ಟೊಟೊರೊನ ಜೋಡಿಯಾಗಿಯೇ ಬಿಡುಗಡೆಯಾಯಿತು. ಅದು ಯುದ್ಧಕಾಲದಲ್ಲಿ ಅನ್ನವಿಲ್ಲದೆ ಸಾಯುವ ಅಣ್ಣತಂಗಿಯರ ಕಥೆ. ಮಹತ್ವದ ಚಿತ್ರವೇ, ಆದರೆ ಸ್ಟುಡಿಯೋದ ಹೆಸರು ನೋಡಿ ‘ಇದೂ ಕಾರ್ಟೂನು ತಾನೇ’ ಎಂದು ಹಾಕಿಬಿಡಬೇಡಿ.

ಮಾವನವರಿಗೆಂದೇ ನಾನು ಆರಿಸಿಟ್ಟಿರುವುದು ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ (1969). ತಾತ ಉಪೇಂದ್ರಕಿಶೋರ್ ಬರೆದ ಕಥೆಯನ್ನು, ಮಗ ಸಂದೀಪನ ಒತ್ತಾಯಕ್ಕೆ ಮಣಿದು ರಾಯ್ ಚಿತ್ರವಾಗಿಸಿದರು. ಹಾಡಲು ಬಾರದ ಗೂಪಿ, ಬಾರಿಸಲು ಬಾರದ ಬಾಘಾ, ಇಬ್ಬರನ್ನೂ ಊರಿನಿಂದ ಓಡಿಸಲಾಗಿದೆ. ಬಿದಿರಿನ ಕಾಡಿನಲ್ಲಿ ಭೂತರಾಜ ಮೂರು ವರ ಕೊಡುತ್ತಾನೆ: ಬೇಕೆಂದಾಗ ಊಟ ಬಟ್ಟೆ, ಬೇಕೆಂದಲ್ಲಿಗೆ ಹೋಗುವ ಪಾದರಕ್ಷೆ, ಕೇಳಿದವರು ಅಲ್ಲಾಡದೆ ನಿಂತುಬಿಡುವಂತಹ ಸಂಗೀತ. ಆದರೆ ಊಟ ಬರಬೇಕಾದರೂ ಬೇರೆಡೆಗೆ ಹಾರಬೇಕಾದರೂ ಇಬ್ಬರೂ ಕೈಗೆ ಕೈ ತಟ್ಟಬೇಕು. ಈ ಪುಟ್ಟ ಷರತ್ತೇ ಚಿತ್ರದ ಜೀವಾಳ. ಏನು ಬೇಕಾದರೂ ಆಗಿಬಿಡುವ ಮಾಯೆಯಲ್ಲಿ ಮಕ್ಕಳಿಗೆ ಬೇಗ ಆಸಕ್ತಿ ಹೋಗುತ್ತದೆ. ನಿಯಮವಿರುವ ಮಾಯೆ ಬೇರೆ. ಇಬ್ಬರನ್ನೂ ಬೇರೆ ಮಾಡಿದರೆ ಗತಿಯೇನು ಎಂದು ಆರು ವರ್ಷದವನೂ ತಾನೇ ಲೆಕ್ಕ ಹಾಕುತ್ತ ಕುಳಿತಿರುತ್ತಾನೆ.

ಇದರಲ್ಲಿ ಆರು ನಿಮಿಷಕ್ಕೂ ಮಿಕ್ಕಿದ ಭೂತಗಳ ಕುಣಿತವಿದೆ, ಮಾತೇ ಇಲ್ಲದೆ. ರಾಜರು, ರೈತರು, ದೊರೆಗಳಾಗಿ ಬಂದ ಬಿಳಿಯರು, ಡೊಳ್ಳುಹೊಟ್ಟೆಯ ದೊಡ್ಡ ಮನುಷ್ಯರು ಎಂದು ನಾಲ್ಕು ಪಂಗಡದ ಭೂತಗಳು. ಅದಕ್ಕೆ ರಾಯ್ ಬಳಸಿದ್ದು ನಮ್ಮ ದಕ್ಷಿಣದ ತಾಳವಾದ್ಯ ಕಚೇರಿಯನ್ನು! ರಾಜಭೂತಗಳಿಗೆ ಮೃದಂಗ, ರೈತರಿಗೆ ಖಂಜೀರ, ಬಿಳಿಯರಿಗೆ ಘಟ, ಹೊಟ್ಟೆಯವರಿಗೆ ಮೋರ್ಸಿಂಗ್. ಕಚೇರಿ ಕೇಳಿದ ಅಭ್ಯಾಸವಿರುವ ಯಾರಿಗೂ ಇಲ್ಲಿ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ಭೂತರಾಜನ ವಿಚಿತ್ರ ಧ್ವನಿ ಸ್ವತಃ ರಾಯ್ ಅವರದ್ದೇ, ಯಂತ್ರದಿಂದ ಬದಲಿಸಿದ್ದು ಎಂದು ಮಕ್ಕಳಿಗೆ ಹೇಳಿ. ಎರಡು ರಾಜ್ಯಗಳ ನಡುವೆ ಹೊತ್ತಿದ ಯುದ್ಧ ಕೊನೆಗೆ ನಿಲ್ಲುವುದು ಆಕಾಶದಿಂದ ಮಿಠಾಯಿಯ ಮಡಕೆಗಳು ಇಳಿದಾಗ. ಹಸಿದ ಸೈನಿಕರು ಆಯುಧ ಬಿಟ್ಟು ಮಡಕೆಗಳ ಕಡೆಗೆ ಓಡುತ್ತಾರೆ. ನೀತಿ ಬೇಕಿದ್ದರೆ ಇಲ್ಲಿದೆ, ಆದರೆ ಅದನ್ನು ಯಾರೂ ಭಾಷಣವಾಗಿ ಹೇಳುವುದಿಲ್ಲ.

ಕೊನೆಯ ತುಣುಕಿನ ಹೊರತು ಇದು ಕಪ್ಪುಬಿಳುಪು ಚಿತ್ರ, ಭಾಷೆ ಬಂಗಾಳಿ, ಮೊದಲ ಭಾಗ ಕೊಂಚ ನಿಧಾನ. ಮಗ ಚಡಪಡಿಸಿದರೆ ಎರಡು ಸಂಜೆಗಳಿಗೆ ಹಂಚಿ ತೋರಿಸಿ. ಶಿಲ್ಪಾ ರಾನಡೆ ಇದೇ ಕಥೆಯನ್ನು ಹಿಂದಿಯಲ್ಲಿ ಅನಿಮೇಷನ್ ಆಗಿ ಮಾಡಿದ್ದಾರೆ (2013). ತೊಗಲುಬೊಂಬೆಗಳನ್ನು ನೋಡಿ ಬೆಳೆದ ಕಣ್ಣಿಗೆ ಅದರ ಬಣ್ಣ, ರೇಖೆಗಳು ಹಿಡಿಸುತ್ತವೆ. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ.

ಭಾಷೆಯ ತೊಡಕೇ ಬೇಡವೆಂದರೆ ಮಾತಿಲ್ಲದ ಚಿತ್ರಗಳಿವೆ. ಫ್ರಾನ್ಸಿನ ಆಲ್ಬರ್ಟ್ ಲಾಮೊರಿಸ್ ಅವರ ‘ದಿ ರೆಡ್ ಬಲೂನ್’ (1956) ಬರೀ 34 ನಿಮಿಷದ್ದು. ಪ್ಯಾರಿಸ್ಸಿನ ಹುಡುಗನೊಬ್ಬನ ಹಿಂದೆ ಕೆಂಪು ಬಲೂನೊಂದು ನಾಯಿಮರಿಯ ಹಾಗೆ ಸುತ್ತುತ್ತದೆ, ಅಷ್ಟೇ ಕಥೆ. ಮಾತು ಇಲ್ಲವೆನ್ನುವಷ್ಟು ಕಡಿಮೆಯಿದ್ದೂ ಅದಕ್ಕೆ ಚಿತ್ರಕಥೆಯ ಆಸ್ಕರ್ ಬಂತು ಎಂಬುದು ಸಂಭಾಷಣೆ ಬರೆಯುವವರೆಲ್ಲ ಒಮ್ಮೆ ಯೋಚಿಸಬೇಕಾದ ಸಂಗತಿ. ಪುಂಡ ಹುಡುಗರ ಕವಣೆಯ ಏಟಿಗೆ ಬಲೂನು ಸುಕ್ಕುಗಟ್ಟುತ್ತ ಸಾಯುವಾಗ ನಿಮ್ಮ ಮಗ ಅತ್ತರೆ ಅಳಲಿ; ಎರಡೇ ನಿಮಿಷದಲ್ಲಿ ಊರಿನ ಬಲೂನುಗಳೆಲ್ಲ ಹಾರಿ ಬಂದು ಆ ಹುಡುಗನನ್ನು ಎತ್ತಿಕೊಂಡು ಹೋಗುತ್ತವೆ. ‘ಶಾನ್ ದಿ ಶೀಪ್’ ಕುರಿಯ 2015ರ ಚಿತ್ರ ಶುದ್ಧ ನಗುವಿಗೆ. ಜೇಡಿಮಣ್ಣಿನಂಥ ವಸ್ತುವಿನ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆದದ್ದು ಎಂದು ಗೊತ್ತಾದರೆ ಮಗಳು ಮೊಬೈಲ್ ಹಿಡಿದು ತಾನೂ ಪ್ರಯತ್ನಿಸಿಯಾಳು. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಅವರ ‘ಫ್ಲೋ’ (2024) ಮಗಳಿಗೆ. ಪ್ರವಾಹದಲ್ಲಿ ಒಂದೇ ದೋಣಿಗೆ ಬಿದ್ದ ಬೆಕ್ಕು, ನಾಯಿ, ಹಕ್ಕಿ, ಕ್ಯಾಪಿಬಾರಾ, ಲೀಮರ್; ಒಂದೂ ಮಾತನಾಡುವುದಿಲ್ಲ. ಅಷ್ಟರಮಟ್ಟಿಗೆ ಮಾವನವರಿಗೆ ಸಮಾಧಾನ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ ತಯಾರಾದ ಇದಕ್ಕೆ 2025ರಲ್ಲಿ ಆಸ್ಕರ್ ಬಂತು. ನೀರು ಏರುತ್ತಲೇ ಇರುವ ಆತಂಕ ಚಿತ್ರದುದ್ದಕ್ಕೂ ಇರುವುದರಿಂದ ಚಿಕ್ಕವನಿಗೆ ಸದ್ಯ ಬೇಡ.

‘ನೀತಿ ಇರುವ ಚಿತ್ರ’ ಎಂಬ ಬೇಡಿಕೆಯ ಬಗ್ಗೆ ನನಗೊಂದು ದೂರಿದೆ. ಕನ್ನಡದಲ್ಲಿ ಮಕ್ಕಳ ಚಿತ್ರಗಳು ಬಂದಿಲ್ಲವೆಂದಲ್ಲ. ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994), ಗುಬ್ಬಿಗಳನ್ನು ಹುಡುಕಿ ಹೊರಡುವ ಮಕ್ಕಳ ‘ಗುಬ್ಬಚ್ಚಿಗಳು’, ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳುವ ಕಥೆಯ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018), ಎಲ್ಲವೂ ತೋರಿಸಬೇಕಾದವೇ. ಆದರೆ ಬಡತನ, ಶಾಲೆ, ಪರಿಸರ, ಭಾಷೆ ಎಂಬ ವಿಷಯಗಳ ಆಚೆಗೆ, ಸುಮ್ಮನೆ ಬೆರಗಿಗಾಗಿ ಮಕ್ಕಳ ಕೈಗೆ ಕೊಟ್ಟದ್ದು ತೀರ ಕಡಿಮೆ. ನಮ್ಮ ಸಿನಿಮಾದ ಮಾಯೆಯೆಲ್ಲ ಪೌರಾಣಿಕಗಳ ಪಾಲಾಯಿತು. 1983ರ ‘ಭಕ್ತ ಪ್ರಹ್ಲಾದ’ವನ್ನು ಯಾರೂ ಮಕ್ಕಳ ಚಿತ್ರ ಎನ್ನಲಿಲ್ಲ, ಆದರೆ ಕಂಬ ಒಡೆಯುವುದನ್ನು ಕಾಯುತ್ತ ಕುಳಿತವರಲ್ಲಿ ಮಕ್ಕಳೇ ಮುಂದೆ. ಹೆದರಿಕೆಯ ಲೆಕ್ಕದಲ್ಲಿ ಹೇಳುವುದಾದರೆ ಆ ನರಸಿಂಹನ ಮುಂದೆ ಟೊಟೊರೊ ಏನೇನೂ ಅಲ್ಲ. ಇದನ್ನು ಮಾವನವರ ಗಮನಕ್ಕೆ ತರಬಹುದು, ಮೆಲ್ಲಗೆ.

ಸಾಮಗ್ರಿಗೆ ನಮ್ಮಲ್ಲಿ ಬರವಿಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನು ಮಕ್ಕಳು ರಂಗದ ಮೇಲೆ ಆಡುತ್ತಲೇ ಬಂದಿದ್ದಾರೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹುಡುಗಿ ಹೂಮರವಾಗುವ ಕನ್ನಡದ ಜನಪದ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದರು. ಕಥೆ ನಮ್ಮದು, ನಿರ್ದೇಶಕರು ನಮ್ಮವರು, ಚಿತ್ರದ ಭಾಷೆ ಮಾತ್ರ ಹಿಂದಿ! ಮರವಾಗಿ ನಿಂತ ಹೆಣ್ಣಿನ ಕೊಂಬೆಗಳನ್ನು ಮುರಿಯುವ ಭಾಗ ಕ್ರೂರವಾದದ್ದು. ಮಗಳಿಗೆ ಇನ್ನೂ ಮೂರು ವರ್ಷ ತುಂಬಲಿ.

ಈಗ ನೋಡುವ ಕ್ರಮದ ಬಗ್ಗೆ. 2024ರ ನವೆಂಬರ್‌ನಿಂದ ನಮ್ಮ ಸೆನ್ಸಾರ್ ಮಂಡಳಿ ಯು/ಎ ಪ್ರಮಾಣಪತ್ರವನ್ನು 7+, 13+, 16+ ಎಂದು ಒಡೆದಿದೆ. ಉಪಯೋಗವೇ, ಆದರೆ ಅದು ಸರಾಸರಿ ಮಗುವಿನ ಲೆಕ್ಕ. ಬೇಗ ಹೆದರುವ ಮಗುವಿನ ಮನೆಯಲ್ಲಿ ತಾಯಿಯೋ ತಂದೆಯೋ ಚಿತ್ರವನ್ನು ಮೊದಲು ಒಬ್ಬರೇ ನೋಡುವುದಕ್ಕೆ ಬದಲಿಯಿಲ್ಲ. ರಾತ್ರಿ ಬೇಡ, ಹಗಲು ಹೊತ್ತಿನಲ್ಲಿ ನೋಡಿ. ದೀಪ ಆರಿಸಬೇಡಿ, ಶಬ್ದ ತಗ್ಗಿಸಿ. ಭಯದಲ್ಲಿ ಅರ್ಧಪಾಲು ಕಿವಿಯಿಂದ ಬರುತ್ತದೆ. ಕನ್ನಡದ ಡಬ್ಬಿಂಗ್ ಇಲ್ಲದ ಚಿತ್ರಕ್ಕೆ ಇಂಗ್ಲಿಷ್ ಅಡಿಬರಹ ನೋಡಿಕೊಂಡು ಮಗಳು ತಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋಗಲಿ. ತಪ್ಪು ಹೇಳಿದರೂ ತಿದ್ದಬೇಡಿ. ಹಾಗೆ ಹೇಳುವಾಗ ಅವಳು ಕಟ್ಟುವ ಕಥೆ ಕೆಲವೊಮ್ಮೆ ಮೂಲಕ್ಕಿಂತ ಚೆನ್ನಾಗಿರುತ್ತದೆ.

ಮುಗಿದ ಕೂಡಲೇ ‘ಇದರಿಂದ ಏನು ಕಲಿತೆ?’ ಎಂದು ಕೇಳುವ ಅಭ್ಯಾಸವೊಂದಿದೆ, ದಯವಿಟ್ಟು ಅದನ್ನು ಬಿಡಿ. ಪರೀಕ್ಷೆ ಕಾದಿದೆ ಎಂದು ಗೊತ್ತಾದ ಮಗು ಮುಂದಿನ ಚಿತ್ರವನ್ನು ಉತ್ತರ ಹುಡುಕುತ್ತ ನೋಡುತ್ತದೆ. ಏನಾದರೂ ಕೇಳಲೇಬೇಕೆಂದರೆ, ಬೆಕ್ಕಿನ ಬಸ್ಸು ನಮ್ಮೂರಿಗೆ ಬಂದರೆ ಎಲ್ಲಿ ನಿಲ್ಲಿಸಬಹುದು ಎಂದು ಕೇಳಿ.

ಮೊದಲ ವಾರ ‘ರೆಡ್ ಬಲೂನ್’ ಹಾಕಿ. ಚಿಕ್ಕದು, ಮಗ ಎಷ್ಟು ತಾಳುತ್ತಾನೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಟೊಟೊರೊ, ಅದಾದ ಮೇಲೆ ಮಾವನವರ ಸಮೇತ ಗೂಪಿ ಬಾಘಾ. ಮಿಯಾಝಾಕಿಯವರ ಎಲ್ಲಕ್ಕಿಂತ ಹೆಸರಾದ ‘ಸ್ಪಿರಿಟೆಡ್ ಅವೇ’ (2001) ಈ ಸಾಲಿನಲ್ಲಿ ಏಕಿಲ್ಲ ಎಂದು ಯಾರಾದರೂ ಕೇಳಿಯಾರು. ಶುರುವಿನಲ್ಲೇ ನಾಯಕಿಯ ಅಪ್ಪ ಅಮ್ಮ ಅವಳ ಕಣ್ಣೆದುರೇ ಹಂದಿಗಳಾಗಿಬಿಡುತ್ತಾರೆ. ನಿಮ್ಮ ಮಗನ ವಯಸ್ಸಿನವರಿಗೆ ಅದಕ್ಕಿಂತ ದೊಡ್ಡ ಹೆದರಿಕೆಯಿಲ್ಲ. ನಾಯಕಿಗೂ ನಿಮ್ಮ ಮಗಳಿಗೂ ಒಂದೇ ವಯಸ್ಸು. ಅವಳೊಬ್ಬಳಿಗೇ, ತಮ್ಮ ಮಲಗಿದ ಮೇಲೆ, ನೀವು ಪಕ್ಕದಲ್ಲಿ ಕುಳಿತು ತೋರಿಸಿ. ಎರಡು ಗಂಟೆಗೂ ಮೇಲ್ಪಟ್ಟದ್ದು, ಮರುದಿನ ಶಾಲೆ ಇಲ್ಲದ ರಾತ್ರಿ ನೋಡಿ ಇಟ್ಟುಕೊಳ್ಳಿ.